ಬಾಗಿಲ ಮೇಲಿನ ಬಾಣ

ನಮ್ಮ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದಾರೆ. ಸೊಸೈಟಿಯವರು ಮೂರು ಸಲ ಮೀಟಿಂಗ್ ಮಾಡಿ, ಅದರಲ್ಲಿ ಎರಡು ಸಲ ಜಗಳಾಡಿ, ಹೊರಗಿನ ಗೋಡೆ ಆಮೇಲೆ ನೋಡಿದರಾಯಿತು, ಸದ್ಯ ಲಿಫ್ಟಿನ ಮುಂದಿನ ಜಾಗಕ್ಕೂ ಮೀಟರಿನ ಪೆಟ್ಟಿಗೆಗಳಿಗೂ ಬಳಿಸೋಣ ಎಂದು ಒಪ್ಪಿಕೊಂಡರು. ಹೋದ ವಾರ ಒಂದು ಬೆಳಿಗ್ಗೆ ಲಿಫ್ಟ್ ಕೆಟ್ಟಿತ್ತು. ಅದರಲ್ಲೇನೂ ವಿಶೇಷವಿಲ್ಲ, ಅದು ನೆಟ್ಟಗಿದ್ದ ದಿನವೇ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಏಳನೆಯ ಮಾಳಿಗೆಯಿಂದ ಇಳಿದು ಬಂದರೆ ಪೇಂಟರನೊಬ್ಬ ಕುಕ್ಕರುಗಾಲಲ್ಲಿ ಕೂತು, ಸಣ್ಣ ಕುಂಚದಿಂದ ಮೀಟರಿನ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ಮನೆಯ ನಂಬರು ಬರೆಯುತ್ತಿದ್ದ. ಟರ್ಪಂಟೈನ್ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಐರೋಲಿಯ ಆಫೀಸಿಗೆ ಹೋಗುವ ಬಸ್ಸು ತಪ್ಪಿತು.

ನಿಮಗೆ ಆ ವಾಸನೆಯಿಂದ ದೀಪಾವಳಿ ನೆನಪಾಗಬಹುದು, ಹೊಸ ಮನೆ ನೆನಪಾಗಬಹುದು. ನನಗೂ ಅದು ಮನೆಯ ವಾಸನೆಯೇ. ಮನೆಗಳಿಗೆ ನಂಬರು ಹಚ್ಚಿದ ವಾಸನೆ.

ಈ ಕಟ್ಟಡ ನಿಂತಿರುವ ಜಾಗದಲ್ಲೇ ಮೊದಲು ನಮ್ಮ ಓಣಿ ಇತ್ತು. ರಬಾಳೆಯ ಕಾರ್ಖಾನೆಗಳ ಬೆನ್ನಿಗೆ, ಗುಡ್ಡದ ಕೆಳಗೆ, ತಗಡು ಮತ್ತು ಇಟ್ಟಿಗೆಯ ಖೋಲಿಗಳು, ಒಂದೊಂದೇ ಕೋಣೆಯವು. ಕಲಬುರಗಿ, ವಿಜಯಪುರ, ರಾಯಚೂರಿನ ಕಡೆಯಿಂದ ಈ ಮರಾಠಿ ಸೀಮೆಗೆ ದುಡಿಯಲು ಬಂದವರೇ ಹೆಚ್ಚು. ನನ್ನ ಅಪ್ಪ ಅಫಜಲಪುರ ಕಡೆಯವನು, ಒಂದು ಕಾರ್ಖಾನೆಯಲ್ಲಿ ಲಾರಿಗೆ ಮಾಲು ತುಂಬುತ್ತಿದ್ದ. ಒಂದೇ ಖೋಲಿಯಲ್ಲಿ ಅಪ್ಪ, ಅವ್ವ, ಅಣ್ಣ, ನಾನು, ನಾಲ್ಕು ಜನ. ಪಕ್ಕದ ಖೋಲಿಯಲ್ಲಿ ಭೀಮಬಾಯಿ ಒಬ್ಬಳೇ. ಜೇವರ್ಗಿ ಕಡೆಯವಳು, ಗಂಡ ಸತ್ತವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳು ನನಗೆ ದೊಡ್ಡವ್ವ. ಅವ್ವನಿಗಿಂತ ಅವಳು ವಯಸ್ಸಿನಲ್ಲಿ ಹಿರಿಯಳು, ಹಾಗಾಗಿ ದೊಡ್ಡವ್ವ. ಇದಕ್ಕಿಂತ ಹೆಚ್ಚಿನ ಲೆಕ್ಕಾಚಾರ ಯಾರೂ ಹಾಕಿರಲಿಲ್ಲ. ನಮ್ಮ ಕಡೆ ಪಕ್ಕದ ಮನೆಯವರನ್ನು ಹೆಸರು ಹಿಡಿದು ಕರೆದರೆ ಆ ಮನೆಯವರಿಗಿಂತ ಮೊದಲು ನಮ್ಮ ಮನೆಯವರೇ ಬಾಯಿಗೆ ಹೊಡೆಯುತ್ತಿದ್ದರು.

ನಾನು ಹತ್ತನೆಯ ತರಗತಿಗೆ ಬಂದ ವರ್ಷದ ಮಾತು. ನಮ್ಮ ಖೋಲಿಯಲ್ಲಿ ಓದಲು ಜಾಗವಿರಲಿಲ್ಲ. ಅಣ್ಣ ಕಾಲು ಚಾಚಿದರೆ ನನ್ನ ಭೂಗೋಳದ ಪುಸ್ತಕದ ಮೇಲೆ ಬೀಳುತ್ತಿತ್ತು. ಒಂದು ಭಾನುವಾರ ದೊಡ್ಡವ್ವ ಸುತ್ತಿಗೆ ಉಳಿ ಹಿಡಿದುಕೊಂಡು ಬಂದಳು. ಕೆಲಸದ ಸೈಟಿನಿಂದ ಕೇಳಿ ತಂದಿದ್ದಳು.

"ಇಕಿ ಓದ್ಲತ್ತಾಳೋ, ಅಣ್ಣನ ಕಾಲು ಒತ್ಲತ್ತಾಳೋ?" ಎಂದು ಅಪ್ಪನನ್ನು ಕೇಳಿದಳು. "ನಾ ಮುಂಜಾನಿ ಹೋದ್ರ ದೀಪಾ ಹಚ್ಚೂದ್ರಾಗ ಬರ್ತೀನಿ. ಖೋಲಿ ಬಿಕೋ ಅಂತದ. ನಡಬರಕ ಒಂದು ಬಾಗಿಲ ಕೊರದ ಬಿಡು."

ಅಪ್ಪ ಗೋಡೆ ಒಡೆದ. ಬಾಗಿಲೆಂದರೆ ಬಾಗಿಲೂ ಅಲ್ಲ, ಬಗ್ಗಿ ದಾಟಬೇಕಾದ ಒಂದು ಕಂಡಿ. ಅವ್ವ ಅದಕ್ಕೊಂದು ಹಳೇ ಸೀರೆಯ ಪರದೆ ಕಟ್ಟಿದಳು. ಅಂದಿನಿಂದ ನನ್ನ ಓದು ಆಚೆ ಖೋಲಿಯಲ್ಲಿ. ನಲ್ಲಿಯ ನೀರು ನಮ್ಮ ಕಡೆಯಿಂದ ಆಚೆ ಹೋಯಿತು, ಲೈಟಿನ ವಾಯರು ನಮ್ಮ ಮೀಟರಿನಿಂದ ಆಚೆ ಹೋಯಿತು. ಅವಳ ರೊಟ್ಟಿ ಪಲ್ಯ ಆಚೆಯಿಂದ ಈಚೆ ಬಂದವು. ನಾನು ಹನ್ನೆರಡನೆಯದು ಮುಗಿಸಿದ್ದು, ಬಿ.ಕಾಂ. ಮುಗಿಸಿದ್ದು ಆ ಖೋಲಿಯಲ್ಲಿ ಅವಳ ಟ್ರಂಕಿನ ಮೇಲೆ ಪುಸ್ತಕ ಹರಡಿಕೊಂಡು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಬರೆಯುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಏನು ಮಾಡಲಿ. ರಿಸಲ್ಟ್ ಬಂದ ದಿನ ದೊಡ್ಡವ್ವ ಓಣಿಗೆಲ್ಲ ಬುಂದಿ ಹಂಚಿದಳು. "ಏನ್ ಪಾಸಾಗ್ಯಾಳ?" ಎಂದು ಯಾರೋ ಕೇಳಿದರೆ, "ಪೂರಾ ಪಾಸಾಗ್ಯಾಳ. ಇನ್ನ ಮುಂದ ಏನೂ ಉಳದಿಲ್ಲಂತ," ಎಂದಿದ್ದಳು.

ಮುಂದಿನ ವರ್ಷವೇ ಓಣಿಗೆ ಯೋಜನೆ ಬಂತು. ಖೋಲಿಗಳನ್ನು ಕೆಡವಿ, ಅಲ್ಲೇ ಎತ್ತರದ ಕಟ್ಟಡ ಕಟ್ಟಿ, ಇದ್ದವರಿಗೆಲ್ಲ ಒಂದೊಂದು ಫ್ಲ್ಯಾಟು. ಬಿಲ್ಡರ್ ಒಬ್ಬ, ಸರ್ಕಾರಿ ಕಚೇರಿ ಒಂದು, ನಡುವೆ ಜನರ ಪರವಾಗಿ ಒಂದು ಸಂಸ್ಥೆ. ಆಗ ನಾವು ಹೊಸದಾಗಿ ಕಲಿತ ಮಾತು 'ಸಹಭಾಗ'. ಮೀಟಿಂಗಿನಲ್ಲಿ ಚಹಾ ಕೊಟ್ಟರೂ ಸಹಭಾಗ, ಕಾಗದಕ್ಕೆ ಸಹಿ ಮಾಡಿದರೂ ಸಹಭಾಗ. ಸಂಸ್ಥೆಯ ಶಾಲಿನಿ ಮೇಡಂ ಉಡುಪಿ ಕಡೆಯವರು, ಸಾನಪಾಡಾದಲ್ಲಿ ಮನೆ. ಒಳ್ಳೆಯ ಹೆಂಗಸು, ಈಗಲೂ ಹಾಗೆಯೇ ಹೇಳುತ್ತೇನೆ. ಓಣಿಯಲ್ಲಿ ಓದಿದವರು ಯಾರಿದ್ದಾರೆ ಎಂದು ಅವರು ಕೇಳಿದಾಗ ಹತ್ತು ಬೆರಳು ನನ್ನ ಕಡೆ ತಿರುಗಿದವು. ನನಗೊಂದು ಬಿಳಿ ಟೊಪ್ಪಿಗೆ, ಕೊರಳಿಗೊಂದು ಬ್ಯಾಡ್ಜು ಸಿಕ್ಕವು. 'ಸ್ವಯಂಸೇವಕಿ' ಎಂದು ಮರಾಠಿಯಲ್ಲಿ ಬರೆದಿತ್ತು. ಆ ಬ್ಯಾಡ್ಜನ್ನು ನಾನು ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಿದ್ದೆ ಎಂದು ಅಣ್ಣ ಇವತ್ತಿಗೂ ಹಂಗಿಸುತ್ತಾನೆ.

ಶಾಲಿನಿ ಮೇಡಂ ಒಂದು ಚಂದದ ಕೆಲಸ ಮಾಡಿದರು. ಗಣಪತಿ ಕೂಡಿಸುವ ಮೈದಾನದಲ್ಲಿ ರಂಗೋಲಿ ಪುಡಿಯಿಂದ ಒಂದು ಫ್ಲ್ಯಾಟನ್ನು ಇದ್ದಷ್ಟೇ ಅಳತೆಯಲ್ಲಿ ಬರೆಸಿದರು. ಕಾಗದದ ನಕ್ಷೆ ಹೆಂಗಸರಿಗೆ ತಿಳಿಯುವುದಿಲ್ಲ, ಒಳಗೆ ಓಡಾಡಿ ನೋಡಲಿ, ಏನು ಬೇಕು ಏನು ಬೇಡ ಹೇಳಲಿ ಅಂತ.

"ಇದು ಹಾಲ್, ಇದು ಕಿಚನ್. ಬನ್ನಿ ಮಾರಾಯ್ರೆ, ಹೆದರುದು ಎಂತಕ್ಕೆ? ನಿಮ್ಮದೇ ಮನೆ," ಎಂದರು.

ದೊಡ್ಡವ್ವ ನನ್ನ ಕಿವಿಯಲ್ಲಿ, "ನಮ್ಮ ಓಣ್ಯಾಗ ಮಾರಾಯ ಅನ್ನೋವ ಯಾವನೂ ಇಲ್ಲಲ್ಲ. ಇಕಿ ಯಾರಿಗಿ ಕರೀಲತ್ತಾಳ?" ಎಂದಳು.

ಯಾರೂ ಮುಂದೆ ಬರದಿದ್ದಾಗ ಅವಳೇ ಹೋದಳು. ರಂಗೋಲಿ ಗೆರೆಯ ಹೊರಗೆ ಚಪ್ಪಲಿ ಬಿಟ್ಟು, ಬಾಗಿಲು ಎಂದು ಬಿಟ್ಟಿದ್ದ ಜಾಗದಿಂದಲೇ ಒಳಗೆ ಹೋದಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಹಾಲಿನಲ್ಲಿ ಮಲಗಿ ನೋಡಿದಳು. "ಇಲ್ಲಿ ತಲಿ ಮಾಡಿದ್ರ ಕಾಲು ಬಚ್ಚಲದಾಗ ಹೋಗ್ತಾವ್ರಿ ಮೇಡಂ." ಕಿಚನ್ನಿಗೆ ಹೋಗಿ ನಿಂತು, ಕೂತು, ಮತ್ತೆ ನಿಂತು, "ಎಲ್ಲಾ ಕಟ್ಟಿ ಎದಿಮಟ್ಟ ಮಾಡಿದ್ರ ಹ್ಯಾಂಗ? ನಿಂತು ರೊಟ್ಟಿ ಬಡೀಲಿಕ್ಕ ಇದೇನ್ ಹಾಟೇಲೇನ್ರಿ? ಕಿಡಕಿ ಕೆಳಗ ಒಂದು ಗಿಡ್ಡ ಕಲ್ಲು ಹಾಕ್ಸ್ರಿ. ಕೂತು ಬಡೀತೀವಿ, ಗಾಳಿನೂ ಬರ್ತದ." ಇಂಜಿನಿಯರ ಬರೆದುಕೊಂಡ. ನಂಬಿ ಬಿಡಿ, ನಮ್ಮ ಕಟ್ಟಡದ ಪ್ರತಿ ಅಡುಗೆಮನೆಯಲ್ಲೂ ಕಿಟಕಿಯ ಕೆಳಗೆ ಆ ಗಿಡ್ಡ ಕಲ್ಲು ಇದೆ. ಅವಳು ಗೆರೆಯೊಳಗೆ ಕೂತಿದ್ದ ಫೋಟೋ ಸಂಸ್ಥೆಯ ಪುಸ್ತಿಕೆಯಲ್ಲೂ ಬಂತು. ನಮ್ಮ ಮನೆಯ ಕಲ್ಲಿನ ಮೇಲೆ ಈಗ ಅಣ್ಣನ ಹೆಂಡತಿ, ನನ್ನ ವೈನಿ, ಬಟ್ಟೆ ತೊಳೆಯುವ ಪುಡಿಯ ಡಬ್ಬಿ ಇಡುತ್ತಾಳೆ. ಅವಳದೇನೂ ತಪ್ಪಿಲ್ಲ, ಅವಳು ಇಲ್ಲೇ ಹುಟ್ಟಿ ಬೆಳೆದವಳು, ಚಪಾತಿಯವಳು.

ಅದಾದ ಮೇಲೆ ಸರ್ವೆ. ಈ ಭಾಗವನ್ನು ಬರೆಯಲು ನಾನು ಇಷ್ಟು ಸುತ್ತಿ ಬಂದೆ ಎಂದು ನಿಮಗೆ ತಿಳಿದೇ ಇರಬೇಕು.

ಸರ್ವೆಯವನು ನಡುವಯಸ್ಸಿನ ಮನುಷ್ಯ. ಬಿಸಿಲಿಗೆ ಬಳಲಿದ್ದ, ಆದರೆ ಮಾತಿನಲ್ಲಿ ಸಭ್ಯ. ಅವನ ಹಿಂದೆ ಕೆಂಪು ಬಣ್ಣದ ಡಬ್ಬಿ ಹಿಡಿದ ಪೇಂಟರ. ಮುಂದೆ ಟೊಪ್ಪಿಗೆ ಬ್ಯಾಡ್ಜಿನ ನಾನು. ಕನ್ನಡದವರ ಮನೆಗಳಲ್ಲಿ ಅವನು ಹಿಂದಿಯಲ್ಲಿ ಕೇಳುವುದು, ನಾನು ಕನ್ನಡದಲ್ಲಿ ತಿಳಿಸುವುದು, ಅವರು ಹೇಳಿದ್ದನ್ನು ತಿರುಗಿ ಹಿಂದಿಯಲ್ಲಿ ಹೇಳುವುದು. ನಾನು ಸುಮ್ಮನೆ ತಿಳಿಸುತ್ತಿರಲಿಲ್ಲ, ಮೆರೆಯುತ್ತಿದ್ದೆ. ನಡುನಡುವೆ "ಕರೆಕ್ಟ್ ಸರ್" ಎನ್ನುತ್ತಿದ್ದೆ.

ನಮ್ಮ ಮನೆಗೆ ಬಂದ. ಹೆಸರುಗಳು, ಕಾಗದಗಳು, ಎಲ್ಲ ಬರೆದುಕೊಂಡ. ಅಷ್ಟರಲ್ಲಿ ಕಂಡಿಯ ಪರದೆ ಸರಿಯಿತು. ದೊಡ್ಡವ್ವ ಬಗ್ಗಿ ಈಚೆ ಬಂದು ಅವನಿಗೆ ನೀರು ಕೊಟ್ಟಳು. ಅವನು ನೀರು ಕುಡಿದ, ಪರದೆ ಸರಿಸಿ ಆಚೆ ನೋಡಿದ, ನನ್ನ ಕಡೆ ತಿರುಗಿದ.

"ಯೇ ಕೌನ್ ಹೈ?"

"ಬಡೀ ಮಾ," ಎಂದೆ.

ದೊಡ್ಡವ್ವ ಎಂಬುದಕ್ಕೆ ಅದೇ ಸರಿಯಾದ ಮಾತು, ಅಲ್ಲವೇ? ಶಬ್ದಕ್ಕೆ ಶಬ್ದ ಕೂಡಿಸಿ ಇಟ್ಟೆ.

"ಸಗೀ?" ಎಂದು ಕೇಳಿದ. ಸ್ವಂತದವರೇ, ಅಂತ.

ಅವಳು ಅಲ್ಲೇ ಖಾಲಿ ತಂಬಿಗೆ ಹಿಡಿದು ನಿಂತಿದ್ದಳು. ಹಿಂದಿ ಅವಳಿಗೂ ಅರ್ಥವಾಗುತ್ತದೆ. ಅವಳೆದುರು ಅಲ್ಲ ಎನ್ನಲು ನನಗೆ ನಾಲಗೆ ಬರಲಿಲ್ಲ. ಅಷ್ಟಕ್ಕೆ ಸುಮ್ಮನಿದ್ದರೂ ಆಗುತ್ತಿತ್ತೇನೋ. ನಾನು ಪದವೀಧರೆ, ಚಂದವಾಗಿ ಹೇಳಬೇಕಲ್ಲ. "ಸಗೀ ಸೇ ಭೀ ಬಢಕರ್, ಸರ್," ಎಂದೆ. ಸ್ವಂತದವರಿಗಿಂತಲೂ ಹೆಚ್ಚು.

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನೂ ನಕ್ಕ. ಬರೆದುಕೊಂಡ. ಕೆಳಗೆ ನನ್ನ ಸಹಿ ಹಾಕಿಸಿಕೊಂಡ. ಹೊರಗೆ ಪೇಂಟರ ನಮ್ಮ ಬಾಗಿಲ ಮೇಲೆ ಒಂದು ನಂಬರು ಬರೆದ. ದೊಡ್ಡವ್ವನ ಬಾಗಿಲ ಮೇಲೆ ನಂಬರು ಬರೆಯಲಿಲ್ಲ, ನಮ್ಮ ಬಾಗಿಲ ಕಡೆ ಮುಖ ಮಾಡಿದ ಒಂದು ಬಾಣ ಬರೆದ. ನಾವು ಅದನ್ನೊಂದು ತಮಾಷೆ ಮಾಡಿಕೊಂಡೆವು. "ಎಲ್ಲಾರಿಗೂ ನಂಬರ ಬಂತು, ನನಗ ಬಾಣ ಬಂತು," ಎಂದು ಅವಳು ತಿಂಗಳುಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು.

ಪಟ್ಟಿ ಹಚ್ಚಿದ ದಿನ ಅದನ್ನು ಓದಿ ಹೇಳಿದವಳೂ ನಾನೇ. ನಮ್ಮ ಓಣಿಯ ಪ್ರತಿಯೊಬ್ಬರ ಹೆಸರಿನ ಮುಂದೆ 'ಪಾತ್ರ' ಎಂದಿತ್ತು. ಮರಾಠಿಯಲ್ಲಿ ಹಾಗೆಂದರೆ ಅರ್ಹರು. ಭೀಮಬಾಯಿಯ ಹೆಸರು ಎಲ್ಲೂ ಕಾಣಲಿಲ್ಲ. ಕೊನೆಗೆ ಸಿಕ್ಕಿತು, ಅಪ್ಪನ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ. ಕುಟುಂಬದ ಸದಸ್ಯರು, ನಾಲ್ಕನ್ನು ಐದು ಮಾಡಿದ್ದರು. ಎರಡು ಖೋಲಿ, ನಡುವೆ ದಾರಿ, ಒಂದು ನಲ್ಲಿ, ಒಂದು ಮೀಟರು, ಒಂದು ಕುಟುಂಬ. ಒಂದು ಫ್ಲ್ಯಾಟು.

ಶಾಲಿನಿ ಮೇಡಂ ಓಡಾಡಿದರು. ಆಕ್ಷೇಪಣೆ ಕೊಡಬಹುದು ಎಂದರು. ಅದಕ್ಕೊಂದು ಅಫಿಡವಿಟ್ ಬೇಕು. ವಾಶಿಯ ನೋಟರಿಯೊಬ್ಬ ಮರಾಠಿಯಲ್ಲಿ ಟೈಪು ಮಾಡಿಸಿದ. ಸಹಿ ಮಾಡುವ ಮೊದಲು ಎಲ್ಲರಿಗೂ ಅರ್ಥ ತಿಳಿಸಬೇಕು ಎಂದ. ತಿಳಿಸುವವಳು ಮತ್ತೆ ನಾನೇ. ಆ ಸಣ್ಣ ಅಂಗಡಿಯಲ್ಲಿ, ಜೆರಾಕ್ಸ್ ಮಷೀನಿನ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಓದಿದೆ: "ಭೀಮಬಾಯಿ ಎಂಬ ಹೆಂಗಸು ನಮ್ಮ ರಕ್ತಸಂಬಂಧಿಯಲ್ಲ. ನಮ್ಮ ಕುಟುಂಬದವಳಲ್ಲ. ಅವಳಿಗೂ ನಮಗೂ ಯಾವುದೇ ನಂಟು ಇಲ್ಲ, ಹಿಂದೆಯೂ ಇರಲಿಲ್ಲ."

ಅವ್ವ, "ಯವ್ವಾ, ಇಂಥಾದ್ದು ಬರೀತಾರೇನ?" ಎಂದು ಸೆರಗು ಬಾಯಿಗಿಟ್ಟುಕೊಂಡಳು.

"ಕಾಗದ ಅದ ಬಿಡ," ಎಂದಳು ದೊಡ್ಡವ್ವ. ನಂತರ ನನ್ನ ಕಡೆ ನೋಡಿ, "ಇನ್ನೊಮ್ಮಿ ಓದು," ಎಂದಳು.

ಓದಿದೆ.

"ಹಿಂದೂ ಇರಲಿಲ್ಲಂತ ಬರದಾರೇನ?"

"ಹಂಗ ಬರೀಬೇಕಂತ, ದೊಡ್ಡವ್ವ."

"ಆಯ್ತು," ಎಂದು ಹೆಬ್ಬೆಟ್ಟು ಚಾಚಿದಳು. ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಅಪ್ಪ ಸಹಿ ಮಾಡಿದ, ನಾನು ಸಾಕ್ಷಿಗೆ ಸಹಿ ಮಾಡಿದೆ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ನಾಲ್ಕು ಜನಕ್ಕೂ ಒಂದೇ ಕಡೆ ಸೀಟು ಸಿಕ್ಕಿತು.

ಆಕ್ಷೇಪಣೆ ತಿರಸ್ಕಾರವಾಯಿತು. ಕಾರಣ ಒಂದೇ ಸಾಲಿನದು. ಸರ್ವೆಯ ದಿನ ಅರ್ಜಿದಾರನ ಮಗಳೇ, ಓಣಿಯ ಸ್ವಯಂಸೇವಕಿಯೇ, ಸದರಿ ಮಹಿಳೆ ಹತ್ತಿರದ ಸಂಬಂಧಿಯೆಂದು ಹೇಳಿ ಸಹಿ ಮಾಡಿದ್ದಾಳೆ. ಮನೆಯ ಆಸೆಗೆ ಈಗ ಸಂಬಂಧವಿಲ್ಲವೆನ್ನುತ್ತಿದ್ದಾರೆ. ಓದಿದ ಮೇಲೆ ನನಗೆ ಆ ಅಧಿಕಾರಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆನೇನೋ. ಈಗ ಐರೋಲಿಯ ಕಂಪನಿಯಲ್ಲಿ ನನ್ನ ಕೆಲಸವೂ ಅದೇ ಜಾತಿಯದು. ಜನ ಕೊಟ್ಟ ಎರಡು ಕಾಗದಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡುವುದು, ಹೊಂದದಿದ್ದರೆ ವಾಪಸು ಕಳಿಸುವುದು. ದಿನಕ್ಕೆ ಎಷ್ಟೋ ಕಳಿಸುತ್ತೇನೆ.

ಓಣಿ ಕೆಡವಿದರು. ಕೆಲವು ವರ್ಷ ಬಾಡಿಗೆಯ ಕೋಣೆ, ನಂತರ ಏಳನೆಯ ಮಾಳಿಗೆ. ಸುಳ್ಳು ಹೇಳಬಾರದು, ಮನೆ ಚೆನ್ನಾಗಿದೆ. ಅವ್ವ ಈಗ ಡಬ್ಬಿ ಹಿಡಿದು ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಮಳೆಗಾಲದಲ್ಲಿ ಗಟಾರದ ನೀರು ಒಲೆಗೆ ಬರುವುದಿಲ್ಲ. ಇಂಥ ಮನೆಗಳು ಇನ್ನೂ ಸಾವಿರ ಆಗಲಿ ಎಂದೇ ನನ್ನ ಆಸೆ. ದೊಡ್ಡವ್ವನೂ ನಮ್ಮ ಜೊತೆಗೇ ಬಂದಳು. ಕಾಗದದ ಪ್ರಕಾರ ಅದು ಅವಳದೂ ಮನೆಯೇ ತಾನೇ.

ಆದರೆ ಬಂದವಳು ಬೇರೆಯೇ ಹೆಂಗಸು. ಗೋಡೆಯಾಚೆಯಿಂದ "ಏ ತಂಗೀ, ಓದ್ಲತ್ತೀಯೋ ತೂಕಡಸ್ಲತ್ತೀಯೋ?" ಎಂದು ಕೂಗುತ್ತಿದ್ದವಳು, ಈ ಮನೆಯಲ್ಲಿ ನಲ್ಲಿ ತಿರುಗಿಸುವ ಮೊದಲು "ನೀರ ತುಂಬ್ಲೇನ?" ಎಂದು ಕೇಳುತ್ತಿದ್ದಳು. ಫ್ಯಾನಿನ ಕೆಳಗೆ ಜಾಗವಿದ್ದರೂ ಬಾಗಿಲ ಬಳಿ ಚಾಪೆ ಹಾಸುತ್ತಿದ್ದಳು. ಅಷ್ಟರಲ್ಲಿ ಅಣ್ಣನ ಮದುವೆ ನಿಶ್ಚಯವಾಯಿತು. ಹಾಲಿನಲ್ಲಿ ಯಾರು, ಒಳಗೆ ಯಾರು ಎಂಬ ಮಾತು ಮನೆಯಲ್ಲಿ ಶುರುವಾಯಿತು. ಅವಳೆದುರು ಅಲ್ಲ, ಆದರೆ ಅಷ್ಟು ಚಿಕ್ಕ ಮನೆಯಲ್ಲಿ ಎದುರಲ್ಲ ಎಂಬುದು ಎಲ್ಲಿರುತ್ತದೆ? ಒಂದು ದಿನ ಅವಳು, ಗಾಡಿಯಲ್ಲಿ ಗಂಟೆ ದೂರದ ಕಲ್ಯಾಣದ ಕಡೆ ದೊಡ್ಡ ಕೆಲಸ ನಡೆದಿದೆ, ಸೈಟಿನ ಹತ್ತಿರವೇ ಖೋಲಿ ಸಿಗುತ್ತದೆ ಎಂದಳು. ಅಪ್ಪ "ಇಲ್ಲೇ ಇರು," ಎಂದ. ಅವಳು "ಇಲ್ಲ, ಕೆಲಸಕ್ಕ ದೂರ ಆಗ್ತದ," ಎಂದಳು. ಅಪ್ಪ ಎರಡನೆಯ ಸಲ ಹೇಳಲಿಲ್ಲ. ನಾನು ಒಂದು ಸಲವೂ ಹೇಳಲಿಲ್ಲ. ಅವಳ ಟ್ರಂಕನ್ನು ಲಿಫ್ಟಿನ ತನಕ ಹಿಡಿದುಕೊಂಡು ಹೋದೆ, ಅಷ್ಟೇ.

ಇದೆಲ್ಲ ಆ ಪೇಂಟರನ ಎದುರು ನಿಂತಾಗ ನೆನಪಾದದ್ದು. ಆ ಭಾನುವಾರ ಹೊರಟೇಬಿಟ್ಟೆ. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ಕಲ್ಯಾಣಕ್ಕೆ ಹೋಗುವ ತನಕ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಬಾ ದೊಡ್ಡವ್ವ, ಮನೆಗೆ ಬಾ, ಜಾಗ ಹೇಗೋ ಆಗುತ್ತದೆ.

ಸ್ಟೇಷನ್ನಿನ ಪೂರ್ವಕ್ಕೆ, ರಿಕ್ಷಾ ಇಳಿದ ಮೇಲೂ ಸಾಕಷ್ಟು ಒಳಗೆ, ಒಂದು ಅಂಗಳದ ಸುತ್ತ ನಾಲ್ಕು ಖೋಲಿಗಳು. ಮಾಲಕಿಣಿ ಮರಾಠಿ ಹೆಂಗಸು, ಅಂಗಳದ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ದೊಡ್ಡವ್ವ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಅದನ್ನು ನಾನು ನೋಡಿದೆ, ಅದರಲ್ಲಿ ಸಂಶಯವಿಲ್ಲ.

"ಹೀ ಕೋಣ್ ತುಮಚೀ?" ಎಂದು ಮಾಲಕಿಣಿ ಕೇಳಿದಳು. ಇವಳು ನಿಮಗೇನಾಗಬೇಕು?

"ಕೋಣೀ ನಾಹೀ, ತಾಯೀ," ಎಂದಳು ದೊಡ್ಡವ್ವ. "ಓಳಖೀಚೀ ಆಹೇ." ಯಾರೂ ಅಲ್ಲ, ಪರಿಚಯದವಳು. ತಡವರಿಸದೆ, ಮೊರದಿಂದ ಕಣ್ಣೆತ್ತದೆ.

ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ, "ಹಂಗ ಅನ್ನಬೇಕಾಗ್ತದ. ಬೀಗರು ಬಳಗ ಬರ್ತಾರಂದ್ರ ಖೋಲಿ ಬಿಡಸ್ತಾಳ," ಎಂದಳು. ಚಹಾಕ್ಕೆ ಇಟ್ಟಳು. ಖೋಲಿ ಚೊಕ್ಕಟವಾಗಿತ್ತು. ಗೋಡೆಯಲ್ಲಿ ಒಂದು ಮೊಳೆ ಕೂಡ ಇರಲಿಲ್ಲ. ಸೀರೆಗಳನ್ನು ಮಡಚಿ ಟ್ರಂಕಿನ ಮೇಲೆ ಇಟ್ಟಿದ್ದಳು. ಗೋಡೆಗೆ ಮೊಳೆ ಹೊಡೆಯುವುದೂ ಬೇಡವೆಂದು ಮಾಲಕಿಣಿ ಹೇಳಿದ್ದಾಳೆಯೋ ಏನೋ, ಕೇಳಲಿಲ್ಲ.

ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಅವಳು ನಕ್ಕಳು, "ಮಲಗೂದೆಲ್ಲಿ?" ಎಂದಳು. ವೈನಿ ಬಸುರಿ ಎಂದು ಹೇಳಿದೆ. ಬಹಳ ಸಂತೋಷಪಟ್ಟಳು. ಅವ್ವನ ಮೊಣಕಾಲು ನೋವು ಕೇಳಿದಳು, ಅಪ್ಪನ ಕೆಮ್ಮು ಕೇಳಿದಳು. ನನ್ನ ತಪ್ಪಿನ ಮಾತು ಎತ್ತಲು ನೋಡಿದೆ. "ದೊಡ್ಡವ್ವ, ಅವತ್ತು ನಾ ಬಾಯಿ ಮುಚ್ಚಿಕೊಂಡು..." ಎನ್ನುವಷ್ಟರಲ್ಲಿ, "ಚಾ ಆರಿ ಹೋಗ್ಲತ್ತದ," ಎಂದಳು.

ಹೊರಡುವಾಗ ಗೇಟಿನ ತನಕ ಬಂದಳು. ಮಾಲಕಿಣಿ ಇನ್ನೂ ನಲ್ಲಿಯ ಹತ್ತಿರವೇ ಇದ್ದಳು. ನಾನು ಬಗ್ಗಿ ಕಾಲು ಮುಟ್ಟಲು ಹೋದೆ. ದೊಡ್ಡವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಹುಷಾರಾಗಿ ಹೋಗ್ರಿ. ನಿಮ್ಮ ಮನ್ಯಾಗ ಎಲ್ಲಾರಿಗೂ ಕೇಳಿದೆ ಅಂತ ಹೇಳ್ರಿ," ಎಂದಳು.

ಮಾಲಕಿಣಿಗೆ ಕೇಳಿಸಲೆಂದು ನನಗೆ ಹಾಗೆ 'ರೀ' ಹಚ್ಚಿ ಅಂದಿರಬೇಕು ಎಂದುಕೊಂಡು ನಡೆದೆ. ರಿಕ್ಷಾ ಸಿಕ್ಕಿತು, ಸ್ಟೇಷನ್ ಬಂತು, ಸೇತುವೆಯ ಮೆಟ್ಟಿಲು ಅರ್ಧ ಹತ್ತಿದ ಮೇಲೆ ಹೊಳೆಯಿತು. ಆ ಹೆಂಗಸಿಗೆ ಕನ್ನಡ ಬರುವುದಿಲ್ಲ.